ಹಡಗಲಿಗೆ ಬಾರದ ಹಡಗುಗಳು

ಹೂವಿನಹಡಗಲಿ ಅನ್ನೋ ಹೆಸರಲ್ಲೇ ಹಡಗು ಇದೆ. ವಿಜಯನಗರದ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಂಪಿಗೆ ಹೂವು ಹೋಗ್ತಿತ್ತು ಅಂತ ನಮ್ಮ ಕಡೆ ಹೇಳ್ತಾರೆ. ಅದು ಬಿಟ್ಟರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯಲ್ಲಿ ಹಡಗಿನ ಮಾತು ಬರೋದೇ ಇಲ್ಲ. ನನಗೆ ಈ ಹುಚ್ಚು ಹತ್ತಿದ್ದು ಒಂದು ಹಳೇ ರೈಲು ನಕ್ಷೆಯಿಂದ. ಕೊಟ್ಟೂರಿನಿಂದ ಹೊಸಪೇಟೆಗೆ 1905ರ ಮೀಟರ್ ಗೇಜ್ ದಾರಿ. ಅಲ್ಲಿಂದ ಗದಗ, ಹುಬ್ಬಳ್ಳಿ, ಲೋಂಡಾ ದಾಟಿದರೆ ಹಳಿ ಮುಗಿಯೋದು ಗೋವಾದ ಮರ್ಮಗೋವಾ ಬಂದರಿನಲ್ಲಿ. ನಮ್ಮ ಪಾಲಿನ ಸಮುದ್ರ ಅಂದ್ರೆ ಅದೇ.

ಆ ಬಂದರಿನಲ್ಲಿ 1939ರಿಂದ ಎಹ್ರೆನ್‌ಫೆಲ್ಸ್ ಅನ್ನೋ ಜರ್ಮನ್ ಸರಕು ಹಡಗು ಲಂಗರು ಹಾಕಿ ನಿಂತಿತ್ತು. ಬ್ರೆಮೆನ್‌ನ ಹನ್ಸಾ ಕಂಪನಿಯದು, ಭಾರತದ ಜೊತೆ ದಶಕಗಳಿಂದ ವ್ಯಾಪಾರ ಮಾಡ್ತಿದ್ದ ಕಂಪನಿ. ಅವರ ಹೆಚ್ಚಿನ ಹಡಗುಗಳ ಹೆಸರು 'ಫೆಲ್ಸ್' ಅಂತ ಮುಗಿಯುತ್ತಿತ್ತು. ಫೆಲ್ಸ್ ಅಂದ್ರೆ ಬಂಡೆ. ಗುಡೇಕೋಟೆಯ ಬಂಡೆ ನೋಡಿ ಬೆಳೆದವರಿಗೆ ತೇಲೋ ಬಂಡೆ ಅಂದ್ರೆ ಸ್ವಲ್ಪ ನಗು ಬರುತ್ತೆ.

ಆದರೆ ಈ ಬಂಡೆಗಳು ಯುದ್ಧ ಬಂದಾಗ ಬಯಲಾಟದವರ ಹಾಗೆ ವೇಷ ಕಟ್ಟಿದವು. ಮೊದಲನೆಯದು ವಾಖ್ಟ್‌ಫೆಲ್ಸ್. ಮೊದಲ ಮಹಾಯುದ್ಧದಲ್ಲಿ ಜರ್ಮನ್ ನೌಕಾಪಡೆ ಅದನ್ನು ತಗೊಂಡು ತೋಪು ಕೂರಿಸಿ, 450ಕ್ಕೂ ಹೆಚ್ಚು ಮೈನ್ ತುಂಬಿಸಿ, ವೋಲ್ಫ್ ಅಂತ ಹೆಸರಿಟ್ಟಿತು. (ನಮ್ಮ ಜಿಲ್ಲೆಯಲ್ಲಿ ಮೈನ್ಸ್ ಅಂದ್ರೆ ಅದಿರು, ಲಾರಿ, ಕೆಂಪು ಧೂಳು. ಇದು ಆ ಮೈನ್ ಅಲ್ಲ, ನೀರಲ್ಲಿ ಇಡೋ ಬಾಂಬು.) ತೋಪುಗಳನ್ನು ಮರೆಮಾಡಿದ ಪಕ್ಕೆಯ ಹಲಗೆ ಬೇಕಾದಾಗ ಕೆಳಗೆ ಬೀಳುತ್ತಿತ್ತು. ಓಟ ಬರೀ ಹತ್ತು ಹನ್ನೊಂದು ನಾಟ್. ಯುದ್ಧನೌಕೆಯ ಮುಂದೆ ಎತ್ತಿನಗಾಡಿ! ಆದರೆ ಸರಕಿನ ಹೊಟ್ಟೆ ದೊಡ್ಡದು; ತಿಂಗಳುಗಟ್ಟಲೆ ಸಾಲುವಷ್ಟು ಕಲ್ಲಿದ್ದಲು ಹಿಡಿಸುತ್ತಿತ್ತು. ಸಾಲದ್ದನ್ನು ಹಿಡಿದ ಹಡಗುಗಳಿಂದ ತಗೊಳ್ತಿದ್ರು. ಹಾಗಾಗಿ 1916ರ ನವೆಂಬರ್‌ನಲ್ಲಿ ಕೀಲ್ ಬಿಟ್ಟಿದ್ದು ಯಾವ ಬಂದರನ್ನೂ ಮುಟ್ಟದೆ 451 ದಿನ ತಿರುಗಿ ವಾಪಸ್ ಹೋಯಿತು. ಹೋಗೋ ದಾರಿಯಲ್ಲಿ 1917ರ ಫೆಬ್ರವರಿಯಲ್ಲಿ ಕೊಲಂಬೊ ಮತ್ತು ಬೊಂಬಾಯಿ ಹೊರಗೆ ಮೈನ್ ಇಟ್ಟಿತು. ನಾಲ್ಕು ತಿಂಗಳ ನಂತರ ಬೊಂಬಾಯಿ ಹತ್ತಿರ ಮೈನ್ ಬಡಿದು ಪಿ ಅಂಡ್ ಓ ಕಂಪನಿಯ ಮಂಗೋಲಿಯಾ ಮುಳುಗಿತು. ಇಟ್ಟವರು ಅಷ್ಟರಲ್ಲಿ ಎಲ್ಲೋ ಪೆಸಿಫಿಕ್‌ನಲ್ಲಿದ್ದರು.

ಎಹ್ರೆನ್‌ಫೆಲ್ಸ್ ಕತೆ ನಿಮಗೆ ಸಿನಿಮಾದಿಂದ ಗೊತ್ತಿರಬಹುದು, ಗ್ರೆಗರಿ ಪೆಕ್ ಇದ್ದ 1980ರ 'ದಿ ಸೀ ವುಲ್ವ್ಸ್'. ಗೋವಾ ಪೋರ್ಚುಗೀಸರದು, ಅವರು ತಟಸ್ಥರು, ಬ್ರಿಟಿಷ್ ಸೈನ್ಯ ಒಳಗೆ ಹೋಗೋ ಹಾಗಿಲ್ಲ. ಅದಕ್ಕೆ ಕಲ್ಕತ್ತಾ ಲೈಟ್ ಹಾರ್ಸ್ ಅನ್ನೋ ದಳದ ನಡುವಯಸ್ಸಿನ ಆಫೀಸು ಮಂದಿ ಫೀಬಿ ಅನ್ನೋ ಹೂಳು ಸಾಗಿಸೋ ದೋಣಿಯಲ್ಲಿ ಬಂದು 1943ರ ಮಾರ್ಚ್ 9ರ ರಾತ್ರಿ ದಾಳಿ ಮಾಡಿದರು. ಕ್ಯಾಪ್ಟನ್ ಸತ್ತ. ಹಡಗಿನವರೇ ಬೆಂಕಿ ಹಚ್ಚಿ ಮುಳುಗಿಸಿಬಿಟ್ಟರು. ಅದರಿಂದ ಜರ್ಮನ್ ಸಬ್‌ಮರೀನ್‌ಗಳಿಗೆ ಸುದ್ದಿ ಹೋಗೋದು ನಿಂತಿತು ಅನ್ನೋದನ್ನ ಎಲ್ಲ ಇತಿಹಾಸಕಾರರೂ ಒಪ್ಪಲ್ಲ. ಸಿನಿಮಾಕ್ಕೆ ಮಾತ್ರ ಒಳ್ಳೇ ಸರಕು.

ನನಗೆ ಕಾಡೋದು ಅದರ ಅಕ್ಕತಂಗಿಯರು. ಒಂದೇ ಮಾದರಿಯಲ್ಲಿ ಕಟ್ಟಿದ ಗೋಲ್ಡನ್‌ಫೆಲ್ಸ್ ಅಟ್ಲಾಂಟಿಸ್ ಆಯಿತು, 22 ಹಡಗು ಹಿಡಿಯಿತು ಇಲ್ಲವೇ ಮುಳುಗಿಸಿತು. ಕಾಂಡೆಲ್‌ಫೆಲ್ಸ್ ಪಿಂಗ್ವಿನ್ ಆಯಿತು. ಪಿಂಗ್ವಿನ್ 1941ರ ಏಪ್ರಿಲ್ ಕೊನೆಯಲ್ಲಿ ಅರಬ್ಬೀ ಸಮುದ್ರದಲ್ಲಿ ಕ್ಲಾನ್ ಬುಕಾನನ್ ಅನ್ನೋ ಬ್ರಿಟಿಷ್ ಹಡಗನ್ನು ಹಿಡಿಯಿತು. ಅದರಲ್ಲಿ ಕೆಲಸಕ್ಕಿದ್ದವರು ಹೆಚ್ಚಿನವರು ಲಸ್ಕರ್‌ಗಳು, ಅಂದ್ರೆ ನಮ್ಮ ದೇಶದ ಕೂಲಿ ನಾವಿಕರು. ಅವರನ್ನೆಲ್ಲ ಕೆಳಗಿನ ಅಂತಸ್ತಿನಲ್ಲಿ ಕೂಡಿಹಾಕಿದರು. ಮೇ 7ರಂದು ಹಿಡಿದ ಬ್ರಿಟಿಷ್ ಎಂಪರರ್ ಅನ್ನೋ ಟ್ಯಾಂಕರ್ ಮುಳುಗೋ ಮುಂಚೆ ರೇಡಿಯೋದಲ್ಲಿ ಕೂಗಿತು. ಮಾರನೇ ದಿನ ಸೆಶೆಲ್ಸ್ ಉತ್ತರಕ್ಕೆ ಕಾರ್ನ್‌ವಾಲ್ ಅನ್ನೋ ಬ್ರಿಟಿಷ್ ಕ್ರೂಸರ್ ಬಂತು. ಪಿಂಗ್ವಿನ್ ತಾನು ನಾರ್ವೆಯ ಟ್ಯಾಮರ್‌ಲೇನ್ ಅಂತ ಹೇಳಿಕೊಂಡಿತು. ನಂಬಲಿಲ್ಲ. ಗುಂಡು ಹಾರಿತು, ಒಳಗಿದ್ದ ಮೈನ್‌ಗಳು ಸಿಡಿದವು. ಒಳಗೆ ಕೈದಿಗಳು ಇನ್ನೂರಕ್ಕೂ ಹೆಚ್ಚು. ಬದುಕಿದವರು ಇಪ್ಪತ್ತು ಚಿಲ್ಲರೆ. ಬಿಡಿಸಬೇಕಾದವರ ಗುಂಡಿಗೇ ಅವರು ಹೋದರು.

ಕಾರ್ನ್‌ವಾಲ್‌ನವರನ್ನು ಬೈಯೋಕೆ ನನಗೆ ಮನಸ್ಸಾಗಲ್ಲ. ಒಳಗೆ ಯಾರಿದ್ದಾರೆ ಅಂತ ಹೊರಗಿನಿಂದ ಕಾಣದ ಹಾಗೆ ಮಾಡೋದೇ ಆ ವೇಷದ ಕೆಲಸ. ಆದರೆ ವೀರಗಾಥೆ ಬರೆದವರು ಕ್ಯಾಪ್ಟನ್‌ಗಳ ಹೆಸರು, ತೋಪಿನ ಅಳತೆ, ಟನ್ ಲೆಕ್ಕ ಎಲ್ಲ ಕೊಟ್ಟು ಲಸ್ಕರ್‌ಗಳನ್ನು ಬರೀ ಸಂಖ್ಯೆಯಲ್ಲಿ ಮುಗಿಸಿಬಿಡ್ತಾರಲ್ಲ, ಅಲ್ಲಿ ಸಿಟ್ಟು ಬರುತ್ತೆ.

ಲಂಡನ್ನಿನ ಟವರ್ ಹಿಲ್‌ನಲ್ಲಿ ಬ್ರಿಟಿಷ್ ವ್ಯಾಪಾರಿ ನಾವಿಕರ ಹೆಸರುಗಳನ್ನು ಫಲಕಗಳ ಮೇಲೆ ಬರೆದಿದ್ದಾರೆ. ಎರಡನೇ ಯುದ್ಧದಲ್ಲಿ ಸತ್ತ ಸುಮಾರು 6,000 ಭಾರತೀಯ ವ್ಯಾಪಾರಿ ನಾವಿಕರ ಹೆಸರು ಇರೋದು ಒಂದು ಪುಸ್ತಕದಲ್ಲಿ. ಅದರ ಒಂದು ಪ್ರತಿ ಚಿತ್ತಗಾಂಗ್‌ನಲ್ಲಿದೆ, ಇನ್ನೊಂದು ಮುಂಬಯಿಯ ನಾವಿಕರ ವಸತಿಗೃಹದಲ್ಲಿ.