ಬೀದರ ಸೀಮೆಯ ಮಕ್ಕಳೂ ಶಾಲೆಯ ಇತಿಹಾಸ ಪುಸ್ತಕವೂ

ಬೇರೆ ಸೀಮೆಗಳಲ್ಲಿ ಇತಿಹಾಸದ ಪಠ್ಯಪುಸ್ತಕವು ಪರೀಕ್ಷೆಯೊಡನೆ ಮುಗಿದುಹೋಗುವ ವಸ್ತುವಾಗಿರಬಹುದು, ಬೀದರದಲ್ಲಿ ಹಾಗಾಗುವದಿಲ್ಲ. ಇಲ್ಲಿಯ ವಿದ್ಯಾರ್ಥಿಯು ತರಗತಿಯಲ್ಲಿ ಓದಿದುದನ್ನು ಮನೆಯ ದಾರಿಯಲ್ಲಿಯೇ ಕಾಣುವನು. 1472ರಲ್ಲಿ ಮಹಮೂದ ಗವಾನನು ಕಟ್ಟಿಸಿದ ಮದರಸೆಯು ಒಂದು ಮಿನಾರನ್ನು ಕಳೆದುಕೊಂಡು ಊರ ನಡುವೆಯೇ ನಿಂತಿದೆ. ಶರಣರು ನಡೆದಾಡಿದ ಕಲ್ಯಾಣವೂ ಇದೇ ಜಿಲ್ಲೆಯದು. ಆದಕಾರಣ ಪುಸ್ತಕವು ಹೇಳಿದ್ದಕ್ಕಿಂತ ಹೇಳದೆ ಬಿಟ್ಟುದೇ ಇಲ್ಲಿಯವರ ಕಣ್ಣಿಗೆ ಬೇಗ ಬೀಳುವದು.

ಈ ಎಚ್ಚರವು ಇಂದಿನದಲ್ಲ. ನಿಜಾಮರ ಆಳಿಕೆಯಲ್ಲಿ ಉರ್ದುವೇ ವಿದ್ಯೆಯ ಭಾಷೆಯಾಗಿದ್ದಾಗ, ಆಗಿನ ಔರಾದ ತಾಲೂಕಿನ ಕಮಲನಗರದಲ್ಲಿ ಜನಿಸಿ ಭಾಲ್ಕಿಯ ಹಿರೇಮಠದ ಪಟ್ಟವನ್ನೇರಿದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದರು. ಅಂದಿನ ಪಾಲಕರ ಅಭಿಪ್ರಾಯವನ್ನು ಕಾಗದಗಳಲ್ಲಿ ಹುಡುಕಬೇಕಾಗಿಲ್ಲ; ಆ ಶಾಲೆಗೆ ಮಕ್ಕಳನ್ನು ಕಳಿಸಿದ್ದೇ ಅವರ ಅಭಿಪ್ರಾಯವಾಗಿತ್ತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಪುಸ್ತಕಗಳು ಬೆಂಗಳೂರಿನಿಂದ ಬರತೊಡಗಿದವು. ಈಗ ಒಂದೇ ಪುಸ್ತಕವು ಕನ್ನಡ, ಉರ್ದು, ಮರಾಠಿ ಮಾಧ್ಯಮಗಳಲ್ಲಿ ಅಚ್ಚಾಗಿ ಬೀದರದ ಉರ್ದು ಶಾಲೆಗೂ ಗಡಿಯ ಔರಾದದ ಮರಾಠಿ ಶಾಲೆಗೂ ಹೋಗುವದು.

ವಿದ್ಯಾರ್ಥಿಗಳ ದೂರು ಸರಳವಾದುದು. ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸದೊಡನೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನಗಳೂ ಸೇರಿ 80 ಅಂಕಗಳ ಒಂದೇ ಪ್ರಶ್ನೆಪತ್ರಿಕೆ. ಇಸವಿಗಳ ಸಾಲನ್ನು ಉರುಹೊಡೆಯುವ ಹುಡುಗನಿಗೆ ಪಾಠವು ಚಿಕ್ಕದಾದಷ್ಟೂ ಸಂತೋಷ. ಪಾಲಕರಿಗಾದರೋ ತಮ್ಮವರ ಹೆಸರು ಬಂದಿತೇ, ಗೌರವದಿಂದ ಬಂದಿತೇ ಎಂಬುದೇ ಚಿಂತೆ. ಈ ಎರಡು ಅಪೇಕ್ಷೆಗಳ ನಡುವೆ ಸಿಕ್ಕ ಉಪಾಧ್ಯಾಯನ ಪಾಡು ಹೇಳತೀರದು!

2022ರಲ್ಲಿ ಪಾಲಕರ ಚಿಂತೆಯು ರಾಜ್ಯದ ವಿವಾದವೇ ಆಯಿತು. ರೋಹಿತ ಚಕ್ರತೀರ್ಥರ ಅಧ್ಯಕ್ಷತೆಯ ಸಮಿತಿಯು ಪರಿಷ್ಕರಿಸಿದ ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ, ಬಸವಣ್ಣನವರು ಉಪನಯನವಾದ ಬಳಿಕ ಕೂಡಲಸಂಗಮಕ್ಕೆ ಹೋದರೆಂಬ ಅರ್ಥದ ಮಾತು ಬಂದಿತು. ಜನಿವಾರವನ್ನು ನಿರಾಕರಿಸಿದ ಸಂಗತಿಯು ಬಿಟ್ಟುಹೋಗಿತ್ತು. ಮಠಾಧೀಶರೂ ಬಸವಾನುಯಾಯಿಗಳೂ ಪ್ರತಿಭಟಿಸಿದರು. ಜೂನ್ ತಿಂಗಳಲ್ಲಿ ಸರಕಾರವು ಸಮಿತಿಯನ್ನು ವಿಸರ್ಜಿಸಿ ಪಾಠವನ್ನು ತಿದ್ದಿಸಲು ಒಪ್ಪಿತು.

ಈ ವಾದದಲ್ಲಿ ಕೂಗು ಹೆಚ್ಚಾಗಿ ಆಧಾರವು ಹಿಂದೆ ಬಿದ್ದಿತು. ಹರಿಹರನ ರಗಳೆಯಲ್ಲಿ ಬಸವಣ್ಣನವರು ಮೊದಲು ಧರಿಸಿದ್ದ ಜನಿವಾರವನ್ನು ಕಿತ್ತೊಗೆದು ಸಂಗಮದ ಹಾದಿ ಹಿಡಿಯುವರು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ಅದನ್ನನುಸರಿಸಿ 1369ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಪುರಾಣದಲ್ಲಿಯೂ ಉಪನಯನವನ್ನೇ ಒಲ್ಲೆನೆನ್ನುವರು. ಕವಿಗಳಲ್ಲಿ ಭೇದವಿರುವದು ನಿಜ. ಆದರೆ ಜನಿವಾರವನ್ನು ತ್ಯಜಿಸಿದರೆಂಬಲ್ಲಿ ಎರಡು ಪಕ್ಷಗಳೂ ಒಂದೇ. ಆದುದರಿಂದ ಪಾಲಕರ ಆಕ್ಷೇಪವು ಕೇವಲ ಅಭಿಮಾನದ್ದೆಂದು ತಳ್ಳಿಹಾಕತಕ್ಕದ್ದಲ್ಲ, ಅದಕ್ಕೆ ಗ್ರಂಥಾಧಾರವುಂಟು. ಈ ಎರಡೂ ಪಾಠಗಳನ್ನು ಮಕ್ಕಳ ಮುಂದಿಟ್ಟು ಕವಿಯ ಮಾತಿನಿಂದ ಚರಿತ್ರೆಯನ್ನು ಶೋಧಿಸುವ ಬಗೆಯನ್ನು ಕಲಿಸಿದ್ದರೆ ಹದಿನಾಲ್ಕು ವರ್ಷದ ಬಾಲಕಿಯೂ ಅದನ್ನು ಗ್ರಹಿಸುತ್ತಿದ್ದಳು. 1260ರ ಅರ್ಜುನವಾಡದ ಶಾಸನದಲ್ಲಿ ಬಸವಣ್ಣನವರ ಹೆಸರಿದೆಯೆಂದು ಒಂದು ಮಾತು ಸೇರಿಸಲು ಎಷ್ಟು ಸ್ಥಳ ಬೇಕಾದೀತು?

ಇದಕ್ಕಿಂತಲೂ ಸೂಕ್ಷ್ಮವಾದುದು 1948ರ ಸಂಗತಿ. ಹತ್ತನೆಯ ತರಗತಿಯಲ್ಲಿ ಹೈದರಾಬಾದಿನ ವಿಲೀನವು ಜುನಾಗಢ, ಕಾಶ್ಮೀರಗಳ ಸಾಲಿನಲ್ಲಿ ಸಂಕ್ಷೇಪವಾಗಿ ಬರುವದು. ಬೀದರ ಜಿಲ್ಲೆಗೆ ಅಷ್ಟು ಸಾಲದು. ರಜಾಕಾರರ ಹಾವಳಿಯಲ್ಲಿ ಗೋರಟಾ ಗ್ರಾಮದಲ್ಲಿ ಹರಿದ ರಕ್ತವನ್ನು ಇಲ್ಲಿಯ ಮನೆಗಳು ಮರೆತಿಲ್ಲ. ಪೊಲೀಸ್ ಕಾರ್ಯಾಚರಣೆಯ ತರುವಾಯ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಿದ ಪಂಡಿತ ಸುಂದರಲಾಲರ ಸಮಿತಿಯು ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಆ ವರದಿಯು ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಬೀದರ ನಗರದ ಒಂದೇ ತರಗತಿಯಲ್ಲಿ ಈ ಎರಡೂ ನೆನಪುಗಳ ಮನೆಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕೂಡುವರು. ಒಂದನ್ನೇ ಹೇಳಿದರೆ ಅರ್ಧ ತರಗತಿಗೆ ಅನ್ಯಾಯ. ಎರಡನ್ನೂ ಬಿಟ್ಟರೆ ಇಡೀ ತರಗತಿಗೆ ಅನ್ಯಾಯ. ಪುಸ್ತಕವು ಎರಡನೆಯ ದಾರಿಯನ್ನೇ ಸುಲಭವೆಂದು ಹಿಡಿದಂತೆ ತೋರುವದು.

ಈ ಭಾಗದ ಶಾಲೆಗಳಲ್ಲಿ ಆಗಸ್ಟ್ 15ರಂದು ಏರಿದ ಧ್ವಜವು ಸಪ್ಟೆಂಬರ್ 17ರಂದು ಮತ್ತೊಮ್ಮೆ ಏರುವದು. ಎರಡು ಸಲ ಏಕೆಂದು ಚಿಕ್ಕ ಮಕ್ಕಳು ಕೇಳುವರು. ಉತ್ತರವನ್ನು ಪುಸ್ತಕಕ್ಕಿಂತ ಮುಂಚೆ ಮನೆಯ ಅಜ್ಜಿಯೇ ಹೇಳಿಬಿಡುವಳು, ಮತ್ತು ಭಾಲ್ಕಿಯ ಅಜ್ಜಿ ಹೇಳುವದೂ ಬೀದರದ ಹಳೆಯ ಓಣಿಯ ಅಜ್ಜಿ ಹೇಳುವದೂ ಒಂದೇ ಆಗಿರುವದಿಲ್ಲ.