ದುಗ್ಧರಸ ಗ್ರಂಥಿಯ ಲಗಾಮು: ಟಿ ಕೋಶಗಳ ವೃದ್ಧಿಯಲ್ಲಿ ಅಂಗಾಂಶದ ಪಾತ್ರ

ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಸೋಂಕು ತಗುಲಿದ ಇಲಿಯ ಥೈಮಸ್ ಗ್ರಂಥಿ ಕುಗ್ಗಿಹೋಗುತ್ತದೆ. ರೋಗಾಣುವಿನೊಡನೆ ಸೆಣಸಲು ಟಿ ಕೋಶಗಳು ಬೇಕೇಬೇಕಾದ ಹೊತ್ತಿನಲ್ಲೇ ಅವು ರೂಪುಗೊಳ್ಳುವ ನೆಲೆ ಬರಿದಾಗುವುದೇಕೆ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಂಕರ್ ನಂದಿ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಎರಡು ಕಾರಣಗಳನ್ನು ಗುರುತಿಸಿತು. ಸೋಂಕಿಗೆ ಎದುರಾಗಿ ಹೊಮ್ಮುವ ಇಂಟರ್‌ಫೆರಾನ್-ಗಾಮಾ ಒಂದು, ದೇಹದ ಒತ್ತಡದ ಹಾರ್ಮೋನುಗಳಾದ ಗ್ಲುಕೊಕಾರ್ಟಿಕಾಯ್ಡ್‌ಗಳು ಇನ್ನೊಂದು. ಸಿಡಿ4, ಸಿಡಿ8 ಎರಡನ್ನೂ ಹೊತ್ತ ಎಳೆಯ ಕೋಶಗಳ ಸಾವನ್ನು ಇವು ಜೊತೆಗೂಡಿ ಹೆಚ್ಚಿಸುತ್ತವೆ. ಸಂಸ್ಥೆಯ ಆವರಣಕ್ಕೆ ರಾಜಾಜಿನಗರ ಹತ್ತಿರ. ಅಲ್ಲಿಂದ ಕೆಂಗೇರಿಯತ್ತ ಹರಿಯುವ ವೃಷಭಾವತಿ ಹೊತ್ತೊಯ್ಯುವುದು ಬಹುಪಾಲು ಕೊಳಚೆ. ಕಲುಷಿತ ನೀರಿನಿಂದ ಹರಡುವ ಟೈಫಾಯ್ಡ್‌ಗೆ ಇಲಿಗಳಲ್ಲಿ ಮಾದರಿಯಾದ ಈ ಸೋಂಕಿನ ಪ್ರಶ್ನೆ ಪಶ್ಚಿಮ ಬೆಂಗಳೂರಿಗೆ ಬರಿಯ ಪುಸ್ತಕದ ಪ್ರಶ್ನೆಯಲ್ಲ.

ಟಿ ಕೋಶ ಚುರುಕಾಗುವ ಬಗೆಯನ್ನು ನಾವು ಸಾಮಾನ್ಯವಾಗಿ ಎರಡು ಕೋಶಗಳ ನಡುವಿನ ವ್ಯವಹಾರವೆಂದು ಕಲಿಸುತ್ತೇವೆ. ಡೆಂಡ್ರೈಟಿಕ್ ಕೋಶ ಪ್ರತಿಜನಕವನ್ನು ತೋರಿಸುತ್ತದೆ, ಸಿಡಿ28ರ ಮೂಲಕ ಎರಡನೆಯ ಸಂಕೇತ ದೊರೆಯುತ್ತದೆ, ಟಿ ಕೋಶ ಒಡೆದು ಹಲವಾಗುತ್ತದೆ. ತಪ್ಪಿಲ್ಲ, ಆದರೆ ಅಪೂರ್ಣ. ಈ ಭೇಟಿ ನಡೆಯುವುದು ದುಗ್ಧರಸ ಗ್ರಂಥಿಯ ಆಧಾರಕೋಶಗಳು ಹೆಣೆದ ಜಾಲದ ಮೇಲೆ. ಸಿಸಿಎಲ್19, ಸಿಸಿಎಲ್21 ಎಂಬ ರಾಸಾಯನಿಕಗಳಿಂದ ಟಿ ಕೋಶಗಳನ್ನು ಬರಮಾಡಿಕೊಳ್ಳುವವು ಇವೇ. ಇಂಟರ್‌ಲ್ಯೂಕಿನ್-7 ಉಣಿಸಿ ಉಳಿಸುವವೂ ಇವೇ. 2011ರಲ್ಲಿ ಬೇರೆಬೇರೆ ತಂಡಗಳು ಇಲಿಗಳಲ್ಲಿ ಇವುಗಳ ಇನ್ನೊಂದು ಮುಖವನ್ನು ಕಂಡವು. ಚುರುಕಾದ ಟಿ ಕೋಶಗಳು ಹೊಮ್ಮಿಸುವ ಇಂಟರ್‌ಫೆರಾನ್-ಗಾಮಾ ತಗುಲಿದೊಡನೆ ಆಧಾರಕೋಶಗಳು ನೈಟ್ರಿಕ್ ಆಕ್ಸೈಡ್ ತಯಾರಿಸುತ್ತವೆ, ಅದು ಟಿ ಕೋಶಗಳ ವೃದ್ಧಿಯನ್ನು ತಡೆಯುತ್ತದೆ. ಓಟಕ್ಕೆ ಬಿಟ್ಟ ಕುದುರೆಯ ಲಗಾಮು ಅಂಗಾಂಶದ ಕೈಯಲ್ಲೇ ಉಳಿದಿದೆ. ಥೈಮಸ್‌ನಲ್ಲಿ ಕೋಶಗಳ ಸಾವಿಗೆ ನೆರವಾದ ಸಂಕೇತವೇ ಇಲ್ಲಿ ವೃದ್ಧಿಯನ್ನು ತಡೆಯುವ ಸಂಕೇತವೂ ಆಗಿರುವುದು ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು: ಸಂಕೇತದ ಅರ್ಥವನ್ನು ನಿರ್ಧರಿಸುವುದು ಅದು ತಲುಪಿದ ಅಂಗಾಂಶ.

ಮನುಷ್ಯರಲ್ಲಿ ಹಾದಿ ಬೇರೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಮಾನವ ಆಧಾರಕೋಶಗಳು ಇಂಡೋಲಮೀನ್ ಡೈಆಕ್ಸಿಜಿನೇಸ್ ಕಿಣ್ವ, ಅಡೆನೊಸಿನ್ ಗ್ರಾಹಕ, ಪ್ರೊಸ್ಟಗ್ಲಾಂಡಿನ್ ಇ2, ಟಿಜಿಎಫ್-ಬೀಟಾ ಎಂಬ ನಾಲ್ಕು ಮಾರ್ಗಗಳಿಂದ ಟಿ ಕೋಶಗಳನ್ನು ತಡೆಯುತ್ತವೆ. ಅದಕ್ಕೆ ಟಿ ಕೋಶಗಳ ಕಡೆಯಿಂದ ಮರುಸಂಕೇತವೂ ಬೇಕಿಲ್ಲ. ಇಲಿಯ ಫಲಿತಾಂಶವನ್ನು ಹಾಗೆಯೇ ರೋಗಿಗೆ ಅನ್ವಯಿಸುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕೆ?

ನಮ್ಮ ಆಸ್ಪತ್ರೆಗಳ ಪಾತ್ರ ಇಲ್ಲಿಂದ ಆರಂಭವಾಗಬೇಕು. ಕತ್ತಿನ ಗ್ರಂಥಿಗಳ ಕ್ಷಯ, ಅಂದರೆ ಹಿರಿಯರು ಗಂಡಮಾಲೆ ಎನ್ನುತ್ತಿದ್ದ ರೋಗ, ಇಂದಿಗೂ ನಮ್ಮಲ್ಲಿದೆ. ಅದನ್ನು ಪತ್ತೆಹಚ್ಚಲು ಸಾಮಾನ್ಯವಾಗಿ ಸಣ್ಣ ಸೂಜಿಯಿಂದ ಕೋಶಗಳನ್ನು ಹೀರಿ ತೆಗೆಯುತ್ತಾರೆ. ರೋಗನಿರ್ಣಯಕ್ಕೆ ಇದು ಉಪಯುಕ್ತ ವಿಧಾನ. ಆದರೆ ಸೂಜಿಗೆ ಬರುವುದು ಬಿಡಿ ಕೋಶಗಳು; ಜಾಲದ ರಚನೆ ಗ್ರಂಥಿಯಲ್ಲೇ ಉಳಿಯುತ್ತದೆ. ಲಗಾಮು ಹಿಡಿದವರೇ ಪರೀಕ್ಷೆಗೆ ಸಿಗುವುದಿಲ್ಲ.

ದುಗ್ಧರಸ ಅಂಗಾಂಶವೇ ಆದ ಟಾನ್ಸಿಲ್ ಹಾಗಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಅದು ಇಡಿಯಾಗಿ, ಜೀವಂತ ಅಂಗಾಂಶವಾಗಿ ಕೈಗೆ ಬರುತ್ತದೆ. ಇಂಥ ಟಾನ್ಸಿಲ್‌ಗಳ ಕೋಶಗಳಿಂದ ಪ್ರಯೋಗಾಲಯದಲ್ಲಿ ಕಿರು ಅಂಗಾಂಶಗಳನ್ನು ಬೆಳೆಸಿ, ಲಸಿಕೆಗೆ ಅವು ಪ್ರತಿಕ್ರಿಯಿಸುವ ಬಗೆಯನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2021ರಲ್ಲಿ ತೋರಿಸಿದರು. ರಾಜಾಜಿನಗರದ ಇಎಸ್‌ಐ ವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಗೂ ಹತ್ತಿರದ ಪ್ರಯೋಗಾಲಯಗಳಿಗೂ ನಡುವೆ ಅಂಗಾಂಶ ಸಾಗಿಸುವ ಒಪ್ಪಂದ ಅಸಾಧ್ಯವೇನಲ್ಲ. ರೋಗಿಯ ಲಿಖಿತ ಒಪ್ಪಿಗೆ, ನೀತಿ ಸಮಿತಿಯ ಅನುಮೋದನೆ, ಅಂಗಾಂಶ ಕೆಡದಂತೆ ತಣ್ಣಗಿಟ್ಟು ಬೇಗ ತಲುಪಿಸುವ ವ್ಯವಸ್ಥೆ, ಇಷ್ಟು ಬೇಕು. ಮೊದಲ ಪ್ರಯೋಗವೂ ಸರಳವೇ: ಒಂದೇ ಟಾನ್ಸಿಲ್‌ನ ಟಿ ಕೋಶಗಳನ್ನು ಅದರದೇ ಆಧಾರಕೋಶಗಳ ಜೊತೆಗೆ ಮತ್ತು ಅವಿಲ್ಲದೆ ಬೆಳೆಸಿ, ನಾಲ್ಕು ಮಾರ್ಗಗಳನ್ನು ಒಂದೊಂದಾಗಿ ಮುಚ್ಚುತ್ತಾ ವೃದ್ಧಿಯನ್ನು ಅಳೆಯುವುದು. ಟೈಫಾಯ್ಡ್ ಮತ್ತು ಕ್ಷಯದ ಪ್ರತಿಜನಕಗಳನ್ನೇ ಅದಕ್ಕೆ ಆರಿಸಿಕೊಳ್ಳಬೇಕು.