ನನ್ನ ಇಂಗ್ಲೆಂಡ್ ಡೈರಿ – 17: ಮತ್ತೆ ಬಂದ ಎದೆಬಡಿತ

ನೈಟ್ ಡ್ಯೂಟಿ ಮುಗಿಸಿ, ಒಂದು ನಿದ್ದೆ ತೆಗೆದು ಬರೀತಾ ಇದ್ದೀನಿ.

ಹೋದ ವಾರ ಊರಿಂದ ಅಕ್ಕ ಫೋನ್ ಮಾಡಿ ಅತ್ತಳು. ಮಗಳಿಗೀಗ ಎಂಟು ವರ್ಷ. ಕೂಸಾಗಿದ್ದಾಗ ಅವಳ ಎದೆಬಡಿತ ಇದ್ದಕ್ಕಿದ್ದಂತೆ ಓಡೋಕೆ ಶುರುವಾಗ್ತಿತ್ತು. ಎಸ್‌ವಿಟಿ ಅಂತಾರೆ. ವರ್ಷ ತುಂಬಿದ ಮೇಲೆ ನಿಂತಿತ್ತು, ಡಾಕ್ಟರು ಔಷಧಿಯನ್ನೂ ನಿಲ್ಲಿಸಿದ್ದರು. ಈಗ ಮತ್ತೆ ಬಂದಿದೆ. ದೃಷ್ಟಿ ತಗುಲಿದೆ ಅಂತ ಒಬ್ಬರು, ಆಗಿನ ಔಷಧಿನೇ ಸರಿಯಿರಲಿಲ್ಲ ಅಂತ ಇನ್ನೊಬ್ಬರು. ಅಕ್ಕ ಕೇಳಿದ್ದು ಒಂದೇ: "ನಾನೇನು ತಪ್ಪು ಮಾಡಿದೆ?"

ಅವಳಿಗೆ ಹೇಳಿದ್ದನ್ನೇ, ಅವಳ ಒಪ್ಪಿಗೆ ಪಡೆದು, ಇಲ್ಲಿ ಬರೀತೀನಿ. ಇದಕ್ಕೆ ನಾನಿರುವ ಈ ಸೀಮೆಯದೇ ಒಂದು ಕಥೆ ಇದೆ.

ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಹಳೇ ಚರ್ಚಿನಲ್ಲಿ ವಿಲಿಯಂ ವಿದರಿಂಗ್ ಅನ್ನೋ ಡಾಕ್ಟರ ಸ್ಮಾರಕವಿದೆ. ಅದರ ಮೇಲೆ ಫಾಕ್ಸ್‌ಗ್ಲವ್ ಗಿಡ ಕೆತ್ತಿದ್ದಾರೆ. 1775ರಲ್ಲಿ, ಮೈಗೆ ನೀರು ತುಂಬಿದವರಿಗೆ ಒಬ್ಬ ಅಜ್ಜಿ ಕೊಡುತ್ತಿದ್ದ ನಾಟಿ ಔಷಧಿಯ ಬಗ್ಗೆ ಯಾರೋ ಅವರ ಅಭಿಪ್ರಾಯ ಕೇಳಿದರು. ಇಪ್ಪತ್ತು ಸೊಪ್ಪುಗಳಲ್ಲಿ ಕೆಲಸ ಮಾಡ್ತಿರೋದು ಈ ಗಿಡವೇ ಎಂದು ವಿದರಿಂಗ್ ಗುರುತಿಸಿದರು. ಹತ್ತು ವರ್ಷ ರೋಗಿಗಳನ್ನು ನೋಡಿ 1785ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಗುಣವಾದವರಷ್ಟೇ ಅಲ್ಲ, ಆಗದವರೂ ಇದ್ದಾರೆ. ಡೋಸ್ ಹೆಚ್ಚಾದರೆ ಇದು ವಿಷ ಅಂತಲೂ ಬರೆದರು. ಈ ಗಿಡದ ಜಾತಿಯಿಂದಲೇ 1930ರಲ್ಲಿ ಡಿಗಾಕ್ಸಿನ್ ಬಂತು. ಮಕ್ಕಳ ಓಡುವ ಎದೆಬಡಿತಕ್ಕೆ ಬಹಳ ವರ್ಷ ಅದನ್ನೇ ಕೊಡುತ್ತಿದ್ದರು.

ಇನ್ನೊಬ್ಬರು ಮ್ಯಾಂಚೆಸ್ಟರಿನ ಉತ್ತರಕ್ಕಿರುವ ಬರ್ನ್ಲಿ ಎಂಬ ಬಟ್ಟೆ ಗಿರಣಿಗಳ ಊರಿನವರು. ಜೇಮ್ಸ್ ಮೆಕೆಂಜಿ 1879ರಿಂದ 1907ರವರೆಗೆ ಅಲ್ಲಿ ಮಾಮೂಲಿ ಫ್ಯಾಮಿಲಿ ಡಾಕ್ಟರು. ಹೃದಯದ ತೊಂದರೆಯಿದ್ದ ಒಬ್ಬ ಬಾಣಂತಿ ಅವರ ಕಣ್ಣೆದುರೇ ತೀರಿಕೊಂಡಳು. ಯಾವ ನಾಡಿ ಅಪಾಯದ್ದು, ಯಾವುದು ಅಲ್ಲ ಅನ್ನೋದು ಅವರನ್ನು ಕಾಡತೊಡಗಿತು. ಕೈನಾಡಿ, ಕುತ್ತಿಗೆ ನಾಡಿ ಎರಡನ್ನೂ ಕಾಗದದ ಮೇಲೆ ಗೆರೆಯಾಗಿ ಬರೆಯುವ ಪಾಲಿಗ್ರಾಫ್ ಯಂತ್ರ ಮಾಡಿಸಿದರು. ಅದೇ ಮನೆಗಳ ಅದೇ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಉಸಿರಿನ ಜೊತೆ ಹೆಚ್ಚುಕಡಿಮೆಯಾಗುವ ಮಕ್ಕಳ ನಾಡಿ ಕಾಯಿಲೆಯೇ ಅಲ್ಲ, ಅಂಥ ಮಕ್ಕಳನ್ನು ಮಲಗಿಸಿಡಬೇಡಿ ಎಂದು ಧೈರ್ಯವಾಗಿ ಹೇಳಲು ಆ ದಾಖಲೆಗಳೇ ಆಧಾರ.

ಅಕ್ಕನ ಮಗಳದ್ದು ಬೇರೆ. ಅದಕ್ಕೂ ಉತ್ತರ ಬಂದದ್ದು ಮೆಕೆಂಜಿಯವರ ಕೈಕೆಳಗೆ ಲಂಡನ್ನಿನಲ್ಲಿ ಕೆಲಸ ಮಾಡಿದ ಜಾನ್ ಪಾರ್ಕಿನ್ಸನ್‌ರಿಂದ. ಅವರೂ ಇದೇ ಲ್ಯಾಂಕಾಶೈರಿನವರು. 1930ರಲ್ಲಿ ಅಮೆರಿಕದ ವುಲ್ಫ್ ಮತ್ತು ವೈಟ್ ಜೊತೆ ಸೇರಿ, ಆಗಾಗ ಎದೆ ಓಡುತ್ತಿದ್ದ 11 ಜನ ಆರೋಗ್ಯವಂತ ಯುವಜನರ ಇಸಿಜಿಯಲ್ಲಿ ಒಂದೇ ಥರದ ಗುರುತು ತೋರಿಸಿದರು. ಅದು ಹುಟ್ಟಿನಿಂದಲೇ ಹೃದಯದಲ್ಲಿರುವ ಒಂದು ಹೆಚ್ಚುವರಿ ವಿದ್ಯುತ್ ದಾರಿಯ ಗುರುತು ಎಂದು ಆಮೇಲೆ ಖಚಿತವಾಯಿತು. ಎಲ್ಲ ಮಕ್ಕಳ ಎಸ್‌ವಿಟಿಯಲ್ಲೂ ಈ ಗುರುತು ಕಾಣುವುದಿಲ್ಲ. ಆದರೆ ಹೆಚ್ಚಿನವರಲ್ಲಿ ನಡೆಯೋದು ಅದೇ: ಸರ್ಕಲ್‌ನಿಂದ ಹೊರಬರದೆ ಸುತ್ತುವ ಆಟೋದಂತೆ ವಿದ್ಯುತ್ ಸುತ್ತುತ್ತದೆ. ಬಹಳ ಕೂಸುಗಳಲ್ಲಿ ವರ್ಷದೊಳಗೆ ಅದು ಸುಮ್ಮನಾಗುತ್ತದೆ. ಕೆಲವರಲ್ಲಿ ಏಳೆಂಟು ವರ್ಷಕ್ಕೆ ಮತ್ತೆ ಎದ್ದೇಳುತ್ತದೆ.

ಅಕ್ಕಾ, ದಾರಿ ಮೊದಲೇ ಇತ್ತು. ನೀನು ಮಾಡಿದ್ದಲ್ಲ. ಔಷಧಿ ಅದನ್ನು ತಡೆದಿತ್ತು, ಅಳಿಸಿರಲಿಲ್ಲ.

ಹಾಗಾಗಿ ಒಂದು ನೋಟ್‌ಬುಕ್ ಇಡು. ಯಾವ ದಿನ, ಎಷ್ಟು ಗಂಟೆಗೆ ಶುರು, ಎಷ್ಟು ನಿಮಿಷ, ಆಗ ಏನು ಮಾಡುತ್ತಿದ್ದಳು, ಎಲ್ಲ ಬರಿ. ಬಡಿತ ನಿಂತ ಮೇಲೆ ತೆಗೆದ ಇಸಿಜಿ ಎಷ್ಟೋ ಸಲ ಸರಿಯಾಗೇ ಇರುತ್ತದೆ. ಓಡುತ್ತಿರುವಾಗಲೇ ಒಂದು ಸಿಕ್ಕರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಮಗು ಬಿಳುಚಿಕೊಂಡರೆ, ಏದುಸಿರು ಬಂದರೆ, ತಲೆಸುತ್ತಿ ಬಿದ್ದರೆ ಬರೆಯುತ್ತಾ ಕೂರಬೇಡ, ತಕ್ಷಣ ಆಸ್ಪತ್ರೆಗೆ ಹೊರಡು. ಅವಳು ಇನ್ನಷ್ಟು ದೊಡ್ಡವಳಾದ ಮೇಲೆ ಆ ದಾರಿಯನ್ನೇ ಸುಟ್ಟು ಮುಚ್ಚುವ ಅಬ್ಲೇಷನ್ ಚಿಕಿತ್ಸೆಯೂ ಇದೆ. ಅದಕ್ಕೆ ಇಲ್ಲಿಗೆ ಬರಬೇಕಿಲ್ಲ, ಬೆಂಗಳೂರಲ್ಲೇ ಆಗುತ್ತದೆ.

ನಿನ್ನೆ ಅಕ್ಕ ಫೋಟೋ ಕಳಿಸಿದ್ದಾಳೆ. ಮಗಳ ಹಳೇ ಕಾಪಿ ಪುಸ್ತಕದ ಹಿಂದಿನ ಹಾಳೆ. ಮೊದಲ ಸಾಲು: "ಸೋಮವಾರ, ಸಂಜೆ 5.20, ಕುಂಟೆಬಿಲ್ಲೆ ಆಡುವಾಗ, 6 ನಿಮಿಷ." ಆಟ ಬಿಡಿಸಬೇಕಾ ಅಂತ ಕೆಳಗೆ ಕೇಳಿದ್ದಾಳೆ. ಡಾಕ್ಟರನ್ನು ಕೇಳು, ಅವರು ಬೇಡ ಅನ್ನೋವರೆಗೂ ಆಡಲಿ ಬಿಡು ಅಂದೆ.